ಚಾಪೆಯೊಳಗಿನ ಎಂಜಿನ್

ಲೋಪೇತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂಲೆಯಲ್ಲಿ ನಿಲ್ಲಿಸಿದ್ದ ಚಾಪೆ ಮಾಯವಾಗಿತ್ತು. ಚಾಪೆ ಹೋದರೆ ಹಾಳಾಗಿ ಹೋಗಲಿ, ಅದರ ಸುರುಳಿಯೊಳಗೆ ಮೂರು ಸಾವಿರ ಡಾಲರಿತ್ತು.

ಟೋಂಗಾ ದ್ವೀಪದಿಂದ ಅವನು ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದದ್ದೇ ತನ್ನ ದೋಣಿಗೊಂದು ಹಳೆಯ ಎಂಜಿನ್ ಕೊಳ್ಳಲು. ಹೋದ ಸಲವೂ ಇದೇ ಉದ್ದೇಶದಿಂದ ಬಂದಿದ್ದ. ಆದರೆ ಒಬ್ಬ ಭಾವನಿಗೆ ಕಾರಿನ ಟೈರು ಬೇಕಾಗಿತ್ತು, ಒಬ್ಬ ಚಿಕ್ಕಪ್ಪನಿಗೆ ಮನೆ ಬಾಡಿಗೆ, ಮತ್ತೊಬ್ಬರಿಗೆ ಹಲ್ಲುನೋವು. ನಂಟರು ಕೇಳಿದಾಗ ಇಲ್ಲವೆನ್ನುವ ಮಾತು ಟೋಂಗಾದವರ ಬಾಯಿಗೆ ಬರುವುದಿಲ್ಲ. ಎಂಜಿನ್ ತರಲು ಹೋದವನು ಒಂದು ಡಬ್ಬಿ ಬಿಸ್ಕತ್ತು ಹಿಡಿದು ಊರಿಗೆ ಮರಳಿದ್ದ.

ಈ ಸಲ ಬುದ್ಧಿ ಉಪಯೋಗಿಸಿದ. ಜೇಬಿನಲ್ಲಿಟ್ಟರೆ ಕೇಳುತ್ತಾರೆ, ಪೆಟ್ಟಿಗೆಯಲ್ಲಿಟ್ಟರೆ ಬಿಚ್ಚುತ್ತಾರೆ. ಹೆಂಡತಿ ಓಫಾಗೆ ತಿಳಿಯದ ಹಾಗೆ ಅಟ್ಟದ ಮೇಲಿದ್ದ ಅಂಚು ಹರಿದ ಹಳೇ ಚಾಪೆಯೊಂದನ್ನು ಎಳೆದುಕೊಂಡ. ಅವಳು ಒಗೆದಿಟ್ಟಿದ್ದ, ಊರ ಚರ್ಚಿನ ಹೆಸರು ಹೊಲಿದ ಕಾಣಿಕೆ ಸಂಚಿ ಕೈಗೆ ಸಿಕ್ಕಿತು. ದೇವರ ಹೆಸರಿರುವ ಚೀಲವನ್ನು ಕಳ್ಳನೂ ಮುಟ್ಟಲಾರನೆಂದುಕೊಂಡ. ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ನೋಟು ಬದಲಾಯಿಸಿದ್ದೇ ತಡ, ಡಾಲರು ಸಂಚಿಗೆ, ಸಂಚಿ ಚಾಪೆಯೊಳಗೆ. ಎಂಜಿನ್ ಮಾರುವವನು ಇಂದು ಸೂರ್ಯ ಮುಳುಗುವವರೆಗೆ ಕಾಯುತ್ತೇನೆ ಎಂದಿದ್ದ. ಆಮೇಲೆ ಬೇರೆ ಗಿರಾಕಿ ಕಾದಿದ್ದಾನಂತೆ.

ಲೋಪೇತಿ ಒದ್ದೆ ತಲೆಯಲ್ಲೇ ತಂಗಿಯ ಬಳಿ ಓಡಿದ. ಅವನು ಇಳಿದುಕೊಂಡಿದ್ದು ಅವಳ ಮನೆಯಲ್ಲೇ. ಅಂದು ಅವಳ ಮಗುವಿನ ಮೊದಲ ಹುಟ್ಟುಹಬ್ಬ. ಮನೆ ತುಂಬ ಜನ.

"ಲುಸೆಯಾನೆ, ನನ್ನ ಚಾಪೆ ಎಲ್ಲಮ್ಮಾ?"

"ಕೊಟ್ಟಾಯ್ತಲ್ಲಣ್ಣ, ಮಗು ಸೋದರತ್ತೆಗೆ!"

"ಕೊಟ್ಟಾಯ್ತಾ?"

"ಮತ್ತೆ? ಊರಿಂದ ಸೋದರಮಾವ ಚಾಪೆ ಹೊತ್ಕೊಂಡು ಬಂದಿದಾನೆ ಅಂದ್ರೆ ಹಬ್ಬಕ್ಕಲ್ದೆ ಮಲಗೋಕಾ? ಅದೂ ಎಂಥ ಚಾಪೆ! ಮುತ್ತಜ್ಜಿ ಕಾಲದ್ದು. ಹೆಂಗಸ್ರೆಲ್ಲ ಮುಟ್ಟಿ ಮುಟ್ಟಿ ನೋಡಿದ್ರು. ನನ್ನ ಮಾನ ಉಳಿಸಿದೆ ಕಣಣ್ಣ." ಲುಸೆಯಾನೆ ಕಣ್ಣೊರೆಸಿಕೊಂಡಳು.

ಚಾಪೆ ಹಳೆಯದಾದಷ್ಟೂ ಅದರ ಬೆಲೆ ಏರುತ್ತದೆ ಎಂಬುದು ಟೋಂಗಾದ ಪ್ರತಿ ಹೆಂಗಸಿಗೂ ಗೊತ್ತು. ಲೋಪೇತಿಗೆ ಮೀನಿನ ವಿಷಯ ಮಾತ್ರ ಗೊತ್ತಿತ್ತು.

ಟೋಂಗಾದ ಹಬ್ಬಗಳಲ್ಲಿ ಮೊದಲ ಮರ್ಯಾದೆ, ಉಡುಗೊರೆ ಎಲ್ಲ ಸಲ್ಲುವುದು ಮಗುವಿನ ಅಪ್ಪನ ಅಕ್ಕನಿಗೆ. ಹಜಾರದಲ್ಲಿ ಆ ಸೋದರತ್ತೆ ವಿಕಾ ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಚಾಪೆಗಳ ರಾಶಿ, ಅದರ ಮೇಲೆ ಲೋಪೇತಿಯ ಚಾಪೆ. ಕೊಟ್ಟ ಉಡುಗೊರೆ ವಾಪಸು ಕೇಳಿದರೆ ತಂಗಿಯ ಮಾನ ಹೋಗುತ್ತದೆ. ಒಳಗೆ ದುಡ್ಡಿದೆ ಎಂದರೆ, ಅಲ್ಲೇ ಹಂದಿಮಾಂಸ ತಿನ್ನುತ್ತಿದ್ದ ಮೂವರು ಭಾವಂದಿರ ಕಿವಿ ನೆಟ್ಟಗಾಗುತ್ತದೆ. ಅವನು ಮೆಲ್ಲಗೆ ರಾಶಿಯ ಪಕ್ಕ ಕೂತು ಸುರುಳಿಯೊಳಗೆ ಕೈ ತೂರಿಸಿದ.

"ಏನೋ ಲೋಪೇತಿ, ಕೊಟ್ಟ ಮೇಲೂ ಸವರ್ತಾ ಇದೀಯಲ್ಲೋ?" ವಿಕಾ ಕೇಳಿದಳು.

"ಇರುವೆ ಹೋಯ್ತಕ್ಕ ಒಳಗೆ."

"ಇರುವೆಗೂ ಗೊತ್ತಪ್ಪ, ಒಳ್ಳೇ ಚಾಪೆ ಯಾವುದು ಅಂತ!"

ಹಜಾರವೆಲ್ಲ ನಕ್ಕಿತು. ಲೋಪೇತಿಯೂ ನಗಬೇಕಾಯಿತು. ಊಟವಾದೊಡನೆ ಚಾಪೆಗಳೆಲ್ಲ ವಿಕಾಳ ವ್ಯಾನು ಹತ್ತಿ ಹೊರಟುಹೋದವು.

ಅವನು ಬಸ್ಸು ಹಿಡಿದು ಬೆನ್ನಟ್ಟಿದ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದುಂಟೆ? ಸುಟ್ಟ ಹಂದಿಯ ಒಂದು ತೊಡೆಯನ್ನು ಬಾಳೆಲೆಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡಿದ್ದ. ವಿಕಾಳ ಬೀದಿಯಲ್ಲಿ ಇಳಿದಾಗ ಎರಡು ನಾಯಿಗಳು ಜೊತೆಗೂಡಿದವು. ಗೇಟು ಮುಟ್ಟುವ ಹೊತ್ತಿಗೆ ಅವು ಐದಾಗಿದ್ದವು.

"ಅಯ್ಯೋ, ಬಾರಪ್ಪ!" ವಿಕಾ ಬಾಗಿಲಲ್ಲೇ ಅಪ್ಪಿಕೊಂಡಳು. ಅವಳ ಕಣ್ಣು ಯಾಕೋ ಒದ್ದೆಯಾಗಿತ್ತು. "ನಿನ್ನಂಥೋರು ಕಮ್ಮಿ ಕಣೋ ಈ ಕಾಲ್ದಲ್ಲಿ."

ಹಂದಿ ತೊಡೆಗೆ ಇಷ್ಟು ಅಳುವರೇ ಎಂದು ಲೋಪೇತಿಗೆ ಅನಿಸಿತು. "ಅಕ್ಕ, ಆ ಚಾಪೆ ಇನ್ನೊಂದ್ಸಲ ನೋಡ್ಲಾ? ಅಂಚು ಹರಿದಿತ್ತು, ಹೊಲಿದು ಕೊಡ್ತೀನಿ."

"ಅದು ಆಗ್ಲೇ ಪಾದ್ರಿಗಳ ಹತ್ರ ಹೋಯ್ತಲ್ಲ!"

"ಇಷ್ಟು ಬೇಗನಾ?"

"ಒಳ್ಳೇ ಚಾಪೆ ಒಂದ್ಕಡೆ ಕೂರುತ್ತೇನೋ? ನೀ ಕೂತ್ಕೋ, ಊಟ ಮಾಡು."

"ಈಗ ತಾನೇ..."

"ನನ್ನ ಮನೇಲಿ ಮಾಡಿಲ್ವಲ್ಲ!"

ಗೆಣಸು, ಮೀನು, ತೆಂಗಿನಹಾಲಲ್ಲಿ ಬೇಯಿಸಿದ ಸೊಪ್ಪು. ಅವನು ತಂದ ತೊಡೆಯೂ ಅವನ ತಟ್ಟೆಗೇ ಬಂತು. ಪ್ರತಿ ತುತ್ತಿಗೂ ಕಿಟಕಿಯತ್ತ ತಿರುಗಿ ಬಿಸಿಲು ನೋಡುತ್ತಿದ್ದ. ಮೂರು ಸಾವಿರ ಡಾಲರ್ ಊರು ಸುತ್ತುತ್ತಿದೆ, ತಾನು ಇಲ್ಲಿ ಗೆಣಸು ಸುಲಿಯುತ್ತಿದ್ದೇನೆ ಎಂದು ಹೊಟ್ಟೆ ಉರಿಯಿತು. ತುಂಬಿದ ಹೊಟ್ಟೆ ಉರಿಯುವುದು ಇನ್ನೂ ಕಷ್ಟ.

ಊಟ ಮುಗಿದ ಮೇಲೆ ವಿಕಾಳೇ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಚರ್ಚಿಗೆ ಹೊರಟಳು. ಬಾಗಿಲಲ್ಲಿ ಪಾದ್ರಿ ಮೋಸೆಸೆ ಎರಡೂ ಕೈ ಚಾಚಿ ನಿಂತಿದ್ದರು. "ಬಾರಪ್ಪ ಬಾ! ನಿನಗೇ ಕಾಯ್ತಾ ಇದ್ವಿ."

ಒಳಗೆ ಕೇರಿಯ ಟೋಂಗಾ ಜನವೆಲ್ಲ ಸೇರಿತ್ತು. ಲುಸೆಯಾನೆಯೂ ಇದ್ದಳು, ಮೂವರು ಭಾವಂದಿರೂ ಇದ್ದರು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ಸಮುದ್ರ ದಾಟಿ ಬಂದ ಅತಿಥೀನ ಬರಿಗೈಲಿ ಕಳ್ಸೋ ಹಾಗಿಲ್ಲ" ಎಂದವರೇ ಆ ಹಳೇ ಚಾಪೆಯನ್ನು ಅವನ ತೋಳಿಗೆ ಹಾಕಿದರು.

ಲೋಪೇತಿ ಸುರುಳಿಯನ್ನು ಒತ್ತಿ ನೋಡಿದ. ಸಂಚಿ ಒಳಗೇ ಇತ್ತು! ಮೊದಲಿಗಿಂತ ದಪ್ಪಗಿದೆ ಎನಿಸಿತು. ಹೋದ ಜೀವ ಬಂದಂತಾಗಿ, ಚಾಪೆಯನ್ನು ಅಪ್ಪಿಕೊಂಡು ಎಲ್ಲರ ಎದುರೇ ಗಳಗಳ ಅತ್ತುಬಿಟ್ಟ. ಹೊರಗೆ ಇನ್ನೂ ಬಿಸಿಲಿತ್ತು. ಓಡಿದರೆ ಎಂಜಿನ್ ಸಿಗುತ್ತದೆ.

"ಬರ್ತೀನಿ ಪಾದ್ರಿಗಳೇ, ಸ್ವಲ್ಪ ಅರ್ಜೆಂಟು..."

"ನಿಲ್ಲೋ!" ವಿಕಾ ಎದ್ದು ನಿಂತಳು. "ಎಲ್ರೂ ಕೇಳ್ರಪ್ಪ. ಚಾಪೆ ಬಿಚ್ಚಿದ್ರೆ ಒಳಗೆ ಇವರೂರ ಚರ್ಚಿನ ಸಂಚಿ! ಚಂಡಮಾರುತಕ್ಕೆ ಚಾವಣಿ ಹಾರಿಹೋದ ಚರ್ಚು. ಎಂಜಿನ್ ಎಂಜಿನ್ ಅಂತ ಊರೆಲ್ಲ ಹೇಳ್ಕೊಂಡು, ಇವನು ಗುಟ್ಟಾಗಿ ಚಾವಣಿಗೆ ದುಡ್ಡು ಕೂಡಿಸಿದಾನೆ! ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು ಅಂತ ಚಾಪೇಲಿ ಸುತ್ತಿದಾನೆ. ಬೆಳಗ್ಗೆ ನಾನೇ ನೋಡಿದೆ, ತೆಗೆಯೋಕೆ ಬಂದೋನು 'ಇರುವೆ' ಅಂದ!"

ಜನ ಚಪ್ಪಾಳೆ ತಟ್ಟಿದರು. ಲೋಪೇತಿ ಬಾಗಿಲಾಚೆಯ ಬಿಸಿಲಿನತ್ತ ನೋಡಿದ.

"ನಮಗೇ ನಾಚಿಕೆ ಆಯ್ತಪ್ಪ" ಎಂದರು ಪಾದ್ರಿಗಳು. "ಎಲ್ರೂ ಕೈಲಾದಷ್ಟು ಹಾಕಿದೀವಿ. ಒಟ್ಟು ಒಂಬತ್ತು ಸಾವಿರ. ನಿಮ್ಮೂರಿಗೆ ಫೋನೂ ಮಾಡಾಯ್ತು. ಸೋಮವಾರ ತಗಡಿನಂಗಡಿಗೆ ನಾವೂ ಬರ್ತೀವಿ, ನೀನೊಬ್ನೇ ಯಾಕೆ ಕಷ್ಟಪಡ್ತೀಯ?"

ಅಷ್ಟರಲ್ಲಿ ಅವನ ಫೋನೇ ಬಡಿದುಕೊಂಡಿತು. ಓಫಾ.

"ಏನ್ರೀ ಇದು? ಇಲ್ಲಿ ಗಂಟೆ ಹೊಡೀತಾ ಇದಾರೆ, ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದಾರೆ! ಅದಿರ್ಲಿ, ಅಟ್ಟದ ಮೇಲಿದ್ದ ನಮ್ಮ ಮುತ್ತಜ್ಜಿ ಚಾಪೆ ಎಲ್ಲಿ?"

"ನನ್ನ ಕೈಲೇ ಇದೆ ಕಣೆ."

"ಸದ್ಯ! ಅದನ್ನ ಯಾರಿಗಾದ್ರೂ ಕೊಟ್ಟಿದ್ರೆ ನೀವು ಮನೆಗೆ ಬರೋದೇ ಬೇಡಾಗಿತ್ತು. ಎಂಜಿನ್ ಇಲ್ದಿದ್ರೆ ಹುಟ್ಟು ಹಾಕಿ, ಕೈಯೇನು ಸವೆಯಲ್ಲ."

ಲೋಪೇತಿ ಉಸ್ಸೆಂದು ಬೆಂಚಿನ ಮೇಲೆ ಕುಸಿದ. ಮನೆಗೆ ಹೋಗುವ ದಾರಿಯಾದರೂ ಉಳಿದಿತ್ತು. ಹೊರಗೆ ಸೂರ್ಯ ಮುಳುಗಿದ. ಮೂವರು ಭಾವಂದಿರೂ ಅವನ ತೊಡೆಯ ಮೇಲಿದ್ದ ಚಾಪೆಯನ್ನು ನೋಡಿದರು, ಕೈ ಮುಗಿದರು, ಒಬ್ಬನೂ ಒಂದು ಡಾಲರ್ ಕೇಳಲಿಲ್ಲ. ಕೊನೆಗೂ ಅವನ ದುಡ್ಡು ಯಾರೂ ಮುಟ್ಟದಷ್ಟು ಭದ್ರವಾಗಿತ್ತು. ಅವನೂ ಮುಟ್ಟುವ ಹಾಗಿರಲಿಲ್ಲ.