ಬೆನ್ನಿಗೆ ಎಣ್ಣೆ, ಮೂಗಿಗೆ ಪರೀಕ್ಷೆ

ಅಂದಿನ ಅನಾಹುತಕ್ಕೆಲ್ಲ ಕಾರಣವಾದದ್ದು ಒಂದು ಕಾಲುಚೀಲ. ಅದರ ಜೋಡಿ ಕುರ್ಚಿಯ ಮೇಲೆಯೇ ಇತ್ತು. ಇದು ಮಾತ್ರ ಮಂಚದ ಕೆಳಗೆ ಸೇರಿಕೊಂಡಿತ್ತು. ಪರೀಕ್ಷಕರು ಬಗ್ಗಿ ಕೈಚಾಚಿದರು. ಕಾಲುಚೀಲ ಸಿಕ್ಕಿತು. ಆದರೆ ಬಗ್ಗಿದವರಿಗೆ ಏಳಲಾಗಲಿಲ್ಲ. ಸೊಂಟದೊಳಗೆ ಯಾರೋ ಕೊಕ್ಕೆ ಹಾಕಿ ಎಳೆದಂತಾಗಿ, ಅರ್ಧ ಮಡಿಸಿದ ಕುರ್ಚಿಯ ಹಾಗೆ ನಿಂತುಬಿಟ್ಟರು.

"ಏನ್ರೀ ಅದು, ಇನ್ನೂ ಏನು ಹುಡುಕ್ತಿದೀರಾ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಹುಡುಕಿದ್ದು ಸಿಕ್ತು. ಈಗ ನನ್ನನ್ನ ಎತ್ತು."

ಎತ್ತಲು ಹೋದರೆ ಅವರು ಕೂಗಿದರು, ಬಿಟ್ಟರೆ ನರಳಿದರು. ಕೊನೆಗೆ ಅವಳು ಅವರನ್ನು ಆ ಆಕಾರದಲ್ಲೇ ಮಂಚಕ್ಕೆ ಉರುಳಿಸಿ, ನಿಧಾನವಾಗಿ ಬಿಡಿಸಿ, ಬೋರಲಾಗಿ ಮಲಗಿಸಿದಳು.

ಬೇರೆ ದಿನವಾಗಿದ್ದರೆ ರಜೆ ಹಾಕಿ ಸುಮ್ಮನಿರಬಹುದಿತ್ತು. ಅವರು ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ವಾಸನೆ ಪರೀಕ್ಷಕರು. ಊರಿಗೆ ಬಿಡುವ ನೀರನ್ನು ಫ್ಲಾಸ್ಕಿನಲ್ಲಿ ಬೆಚ್ಚಗೆ ಮಾಡಿ, ಮುಚ್ಚಳ ತೆಗೆದು ಮೂಸಿ, ಇದು ಪಾಚಿ, ಇದು ತುಕ್ಕು, ಇದು ಕ್ಲೋರಿನ್ ಹೆಚ್ಚಾಗಿರುವುದು ಎಂದು ಹೇಳುವುದು ಅವರ ಕೆಲಸ. ಈ ಕೆಲಸಕ್ಕಾಗಿ ಅವರು ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದರು, ಪೌಡರ್ ಬಿಟ್ಟಿದ್ದರು, ವಾಸನೆಯಿಲ್ಲದ ಸಾಬೂನಿನಲ್ಲಿ ಮೀಯುತ್ತಿದ್ದರು. ಹೆಂಡತಿಯೂ ಹಾಗೆಯೇ ಮೀಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅದು ಪ್ರೀತಿಯಿಂದ, ಆಮೇಲೆ ಅಭ್ಯಾಸದಿಂದ.

ಈಗ ಕಚೇರಿಗೆ ವಾಸನೆ ಹಿಡಿಯುವ ಒಂದು ಯಂತ್ರ ಬಂದಿತ್ತು. ಅದನ್ನು ಇಟ್ಟುಕೊಳ್ಳಬೇಕೋ ವಾಪಸು ಕಳಿಸಬೇಕೋ ಎಂಬುದನ್ನು ಈ ದಿನದ ಸ್ಪರ್ಧೆಯೇ ತೀರ್ಮಾನಿಸಬೇಕಿತ್ತು. ಯಂತ್ರ ಗೆದ್ದರೆ ಪರೀಕ್ಷಕರಿಗೆ ಮೀಟರ್ ವಿಭಾಗ: ಮನೆಮನೆಯ ಮೆಟ್ಟಿಲು ಹತ್ತಿ ಇಳಿದು, ಗೋಡೆಯ ಬುಡದಲ್ಲಿ ಬಗ್ಗಿ ಅಂಕಿ ನೋಡುವ ಕೆಲಸ. ಆಗ ದಿನಕ್ಕೆ ಎಷ್ಟು ಸಲ ಬಗ್ಗಬೇಕಾದೀತು ಎಂದು ದಿಂಬಿನಲ್ಲಿ ಮುಖವಿಟ್ಟು ಲೆಕ್ಕ ಹಾಕಿದರು. ಲೆಕ್ಕ ಮುಗಿಯುವ ಮೊದಲೇ ಸೊಂಟ ಇನ್ನೊಮ್ಮೆ ಹಿಡಿಯಿತು.

"ಎಣ್ಣೆ ಗಿಣ್ಣೆ ಮುಟ್ಟಿಸಬೇಡ ಕಣೇ. ಬಿಸಿನೀರಿನ ಚೀಲ ಒಂದು ಸಾಕು."

"ನಮ್ದು ಸೋರ್ತಿದೆ. ಮಹಡಿ ಅಕ್ಕನ ಹತ್ರ ಇಸ್ಕೊಂಡು ಬರ್ತೀನಿ."

"ಅವರಿಗೆ ಮಾತ್ರ ಹೇಳಬೇಡ!" ಎಂದರು. ಹೆಂಡತಿ ಆಗಲೇ ಮೆಟ್ಟಿಲ ಮೇಲಿದ್ದಳು.

ಮಹಡಿ ಅಕ್ಕ ಈಚೆಗಷ್ಟೇ ಪರಿಮಳ ಚಿಕಿತ್ಸೆ ಕಲಿತಿದ್ದರು. ಪ್ರಮಾಣಪತ್ರ ಗೋಡೆಯ ಮೇಲಿತ್ತು, ಸೀಸೆಗಳು ಪೆಟ್ಟಿಗೆಯಲ್ಲಿದ್ದವು, ರೋಗಿಗಳು ಮಾತ್ರ ಇರಲಿಲ್ಲ. ಯಾರಿಗಾದರೂ ನೋವು ಬರಲಿ ಎಂದು ಹಾರೈಸುವಂಥ ಮನಸ್ಸು ಅವರದಲ್ಲ. ಆದರೆ ಬಂದದ್ದು ತಿಳಿದಾಗ ಅವರು ಬಿಸಿನೀರಿನ ಚೀಲವನ್ನು ಮರೆತು ಸೀಸೆಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಇಳಿದರು.

"ಗಾಬರಿ ಪಡಬೇಡಿಪ್ಪ. ಇದೆಲ್ಲಾ ಗಿಡಮೂಲಿಕೆ, ಒಂದು ಹನೀನೂ ಕೆಮಿಕಲ್ ಇಲ್ಲ. ಮಾತ್ರೆ ನುಂಗಿದ್ರೆ ಹೊಟ್ಟೆ ಕೆಡುತ್ತೆ. ಇದು ಚರ್ಮದಿಂದ ಒಳಗೆ ಹೋಗುತ್ತೆ, ಮೂಗಿನಿಂದ ತಲೆಗೆ ಹೋಗುತ್ತೆ. ನೋವಿಗೆ ಓಡೋಕೆ ದಾರಿನೇ ಇರಲ್ಲ."

ಪರೀಕ್ಷಕರು ಬೇಡವೆಂದರು. ಅದು ದಿಂಬಿಗೆ ಮಾತ್ರ ಕೇಳಿಸಿತು. ಮೊದಲು ಲ್ಯಾವೆಂಡರ್ ಬಿತ್ತು, ಅದರ ಹಿಂದೆ ಪುದೀನ ಎಣ್ಣೆ. ತಿರುಗಿ ತಡೆಯೋಣವೆಂದರೆ ಸೊಂಟ ತಿರುಗಲಿಲ್ಲ. ಕೈಯೆತ್ತಿದರೆ, ನೋವಿಗೆ ಚಡಪಡಿಸುತ್ತಿದ್ದಾರೆಂದು ಹೆಂಡತಿ ಆ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡಳು.

ಪರಿಮಳ ಎದುರುಮನೆಗೂ ದಾಟಿತು. ಅಲ್ಲಿದ್ದ ಮೇಷ್ಟ್ರು ನಿವೃತ್ತರಾಗುವವರೆಗೆ ಸಸ್ಯಶಾಸ್ತ್ರ ಪಾಠ ಹೇಳಿದವರು. ತಪ್ಪು ಉತ್ತರ ಕೇಳಿಸಿದಂತಾಗಿ ಅವರು ಚಪ್ಪಲಿಯನ್ನೂ ಮೆಟ್ಟದೆ ಬಂದರು.

"ಲ್ಯಾವೆಂಡರ್ ನಿದ್ದೆಗಮ್ಮಾ! ಇಲ್ಲಿ ಹಿಡಿದಿರೋದು ಸ್ನಾಯು. ಸ್ನಾಯುವಿಗೆ ನೀಲಗಿರಿ ಎಣ್ಣೆ."

"ಕೋರ್ಸು ಮಾಡಿರೋದು ನಾನು, ಮೇಷ್ಟ್ರೇ."

"ನಿಮ್ಮದು ಎರಡು ಭಾನುವಾರದ ಕೋರ್ಸು. ನಾನು ಎಲೆ ಹಿಡ್ಕೊಂಡು ಆಯಸ್ಸೆಲ್ಲಾ ಕಳೆದಿದೀನಿ."

"ಎಲೆ ಹಿಡ್ಕೊಂಡಿದ್ರಿ. ಬೆನ್ನು ಹಿಡಿದಿದ್ರಾ?"

ವಾದ ಬೆಳೆದು, ಕೊನೆಗೆ ಬೆನ್ನುಮೂಳೆಯನ್ನೇ ಗಡಿ ಮಾಡಿಕೊಂಡು ಎಡಭಾಗ ಅಕ್ಕನಿಗೂ ಬಲಭಾಗ ಮೇಷ್ಟ್ರಿಗೂ ಹಂಚಿಕೆಯಾಯಿತು. ಎಡಕ್ಕೆ ಲ್ಯಾವೆಂಡರ್ ಮತ್ತು ಪುದೀನ, ಬಲಕ್ಕೆ ನೀಲಗಿರಿ ಮತ್ತು ಲವಂಗದ ಎಣ್ಣೆ. ನೋವಿದ್ದದ್ದು ಎಡಗಡೆ ಎಂದು ತಿಳಿದಾಗ ಮೇಷ್ಟ್ರಿಗೆ ಅನ್ಯಾಯವಾದಂತೆ ಅನಿಸಿ, ಅಕ್ಕ ನೀರು ಕುಡಿಯಲು ಎದ್ದಾಗ ಗಡಿ ದಾಟಿ ನಾಲ್ಕು ಹನಿ ಆ ಕಡೆಗೂ ಬಿಟ್ಟರು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನೋವು ಸ್ವಲ್ಪ ಸಡಿಲವಾಯಿತು. ಅದು ಎಣ್ಣೆಯಿಂದಲೋ, ಉಜ್ಜಿದ್ದರಿಂದಲೋ, ಅಷ್ಟು ಹೊತ್ತು ಅಲುಗಾಡದೆ ಮಲಗಿದ್ದರಿಂದಲೋ ಎಂಬುದನ್ನು ಬೇರ್ಪಡಿಸಿ ನೋಡುವ ಅನುಕೂಲ ಅಲ್ಲಿರಲಿಲ್ಲ. ಪರೀಕ್ಷಕರು ಎದ್ದು ನಿಂತರು. ನಿಂತ ಕೂಡಲೇ ತಮ್ಮ ಮೈಮೇಲೆ ಏನಾಗಿದೆ ಎಂಬುದು ಹೊಳೆದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಓಡಿದರು.

ಚರ್ಮ ಕೆಂಪಾಗುವವರೆಗೆ ತಿಕ್ಕಿದರು. ಒರೆಸಿಕೊಂಡು ತೋಳು ಮೂಸಿದರು, ಟವೆಲು ಮೂಸಿದರು. ಏನೂ ಇಲ್ಲ.

"ವಾಸನೆ ಬರ್ತಿದೆಯೇನೇ?"

ಹೆಂಡತಿ ಬೆನ್ನಿಗೆ ಮೂಗು ತಾಗಿಸಿ ನೋಡಿದಳು. "ಒಂದು ಚೂರೂ ಇಲ್ಲಾರೀ."

"ಹೋಗೇಬಿಟ್ಟಿದೆಯಲ್ಲಪ್ಪ," ಎಂದು ಮಹಡಿ ಅಕ್ಕನೂ ದುಃಖದಿಂದ ಒಪ್ಪಿಕೊಂಡರು.

ಮೂಗು ಒಂದೇ ವಾಸನೆಯಲ್ಲಿ ಬಹಳ ಹೊತ್ತಿದ್ದರೆ ದಣಿದು, ಆ ವಾಸನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ಪರೀಕ್ಷಕರು ಮೊದಲು ಹೇಳಿಕೊಡುತ್ತಿದ್ದ ಪಾಠವೇ ಇದು. ಆ ಕೋಣೆಯಲ್ಲಿದ್ದ ಎಲ್ಲ ಮೂಗುಗಳೂ ದಣಿದಿದ್ದವು. ಆದರೆ ಸೊಂಟ ಹಿಡಿದ ಮನುಷ್ಯನ ಗಮನವೆಲ್ಲ ಸೊಂಟದಲ್ಲಿಯೇ ಇರುತ್ತದೆ. ಪಾಠ ಅವರಿಗೆ ನೆನಪಾಗಲಿಲ್ಲ.

ಬಸ್ಸಿನಲ್ಲಿ ಅವರು ಹತ್ತಿದ್ದೇ ತಡ, ಕಿಟಕಿ ಪಕ್ಕ ಕೂತಿದ್ದವರು ಎದ್ದು ಜಾಗ ಬಿಟ್ಟುಕೊಟ್ಟರು. ಅವರ ಹಿಂದಿನ ಸೀಟಿನವರೂ ಎದ್ದರು. ಬಗ್ಗಿಕೊಂಡು ನಡೆಯುವವರ ಮೇಲೆ ಜನರಿಗೆ ಇನ್ನೂ ಇಷ್ಟೊಂದು ಕನಿಕರ ಇದೆಯಲ್ಲ ಎಂದು ಪರೀಕ್ಷಕರ ಕಣ್ಣು ಒದ್ದೆಯಾಯಿತು. ಕಣ್ಣು ಒದ್ದೆಯಾಗಲು ಪುದೀನವೂ ಕಾರಣವಿದ್ದೀತು. ನೆಗಡಿಯಾಗಿದ್ದ ಒಬ್ಬ ಮುದುಕ ಮಾತ್ರ ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತು, ಇಳಿಯುವವರೆಗೆ ನೀಳವಾಗಿ ಉಸಿರೆಳೆದುಕೊಂಡ.

ಪ್ರಯೋಗಾಲಯದಲ್ಲಿ ಎಲ್ಲ ಸಿದ್ಧವಾಗಿತ್ತು. ಮರದ ಅಡ್ಡಪಟ್ಟಿಗಳಿಂದ ಬೇರೆಬೇರೆ ಮಾಡಿದ ಗೂಡುಗಳಂಥ ಮೂರು ಆಸನ. ಒಂದರಲ್ಲಿ ಪರೀಕ್ಷಕರು, ಇನ್ನೊಂದರಲ್ಲಿ ಹೋಲಿಸಿ ನೋಡಲೆಂದು ಕಚೇರಿಯ ರಸಾಯನ ಮೇಡಂ, ಮೂರನೆಯದರಲ್ಲಿ ಯಂತ್ರ. ಯಂತ್ರಕ್ಕೆ ಆನೆಯ ಸೊಂಡಿಲಿನ ಮರಿಯಂಥ ಒಂದು ನಳಿಕೆ ಇತ್ತು; ಅದನ್ನು ತಂದಿದ್ದ ಕಂಪನಿಯವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನೆಗಡಿಯಿಂದ ಮೂಗು ಕಟ್ಟಿದ್ದ ಮುಖ್ಯ ಎಂಜಿನಿಯರು ಬಾಗಿಲು ಹಾಕಿಸಿದರು, ಕಿಟಕಿ ಮುಚ್ಚಿಸಿದರು, ಫ್ಯಾನ್ ನಿಲ್ಲಿಸಿದರು.

"ನಿಯಮ ಗೊತ್ತಲ್ಲ? ಒಬ್ಬೊಬ್ಬರ ಮುಂದೆ ಐದು ಫ್ಲಾಸ್ಕ್. ವಾಸನೆ ಇದ್ರೆ ಕೆಂಪು ಬಿಲ್ಲೆ, ಇಲ್ಲದಿದ್ರೆ ಬಿಳಿ. ಮುಗಿಯೋವರೆಗೂ ವಾಸನೆ ಬಗ್ಗೆ ಯಾರೂ ತುಟಿ ಬಿಚ್ಚಬಾರದು. ಒಬ್ಬರ ಮಾತು ಇನ್ನೊಬ್ಬರ ಮೂಗನ್ನ ಕೆಡಿಸುತ್ತೆ."

ಬೆಚ್ಚಗಿನ ಫ್ಲಾಸ್ಕುಗಳಿಂದ ಕೋಣೆ ಕಾವೇರಿತು. ಪರೀಕ್ಷಕರ ಬೆನ್ನು ಬೆವರಿತು. ಬೆವರಿದ ಬೆನ್ನಿನಿಂದ, ಸಾಬೂನಿಗೆ ಸಿಗದೆ ಚರ್ಮದಲ್ಲಿ ಉಳಿದಿದ್ದದ್ದೆಲ್ಲ ಬಿಳಿ ಕೋಟು ದಾಟಿ ಹೊರಗೆ ಬರತೊಡಗಿತು. ರಸಾಯನ ಮೇಡಂ ಒಮ್ಮೆ ಅಡ್ಡಪಟ್ಟಿಯ ಕಡೆ ನೋಡಿದರು, ಒಮ್ಮೆ ಎಂಜಿನಿಯರ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದು ನಿಯಮ ನೆನೆದು ಮುಚ್ಚಿಕೊಂಡರು.

ಪರೀಕ್ಷಕರು ಮೊದಲ ಫ್ಲಾಸ್ಕ್ ಎತ್ತಿ ಮೂಸಿದರು. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಐದನ್ನೂ ಮೂಸಿ ಮುಗಿಸಿದರು, ಐದರಲ್ಲೂ ಏನೂ ಇಲ್ಲ. ಒಂದರಲ್ಲಾದರೂ ಏನಾದರೂ ಇರಲೇಬೇಕು. ಇಲ್ಲದಿದ್ದರೆ ಸ್ಪರ್ಧೆ ಯಾಕೆ? ಊಹಿಸಿ ಒಂದಕ್ಕೆ ಕೆಂಪು ಬಿಲ್ಲೆ ಇಡೋಣವೆಂದು ಎತ್ತಿಕೊಂಡರು. ಆದರೆ ಮೂಗು ಹೇಳದ್ದನ್ನು ಅವರು ಎಂದೂ ಹೇಳಿದವರಲ್ಲ. ಕೆಂಪು ಬಿಲ್ಲೆಯನ್ನು ಕೆಳಗಿಟ್ಟು, ಮೀಟರ್ ವಿಭಾಗದ ಮೆಟ್ಟಿಲುಗಳನ್ನು ಕಣ್ಣಮುಂದೆ ಕಾಣುತ್ತಾ, ಐದಕ್ಕೂ ಬಿಳಿ ಇಟ್ಟರು.

ಎಂಜಿನಿಯರು ಬಂದು ನೋಡಿದರು. ಮೇಡಂ ಐದಕ್ಕೂ ಕೆಂಪು. ಯಂತ್ರ ಐದಕ್ಕೂ ಕೆಂಪು ದೀಪ ಉರಿಸಿ, ಸಾಲದೆಂದು ಈಗ ಕೀರಲು ದನಿಯಲ್ಲಿ ಕೂಗಿತು. ಪರೀಕ್ಷಕರೊಬ್ಬರದೇ ಬಿಳಿ.

"ಇಟ್ಟಿದ್ದು ಐದೂ ಶುದ್ಧ ನೀರು," ಎಂದರು ಎಂಜಿನಿಯರು ನಿಧಾನವಾಗಿ. "ಊಹೆ ಮಾಡೋರು ಯಾರು ಅಂತ ನೋಡೋಕೆ ಹಾಗೆ ಮಾಡಿದ್ದೆ. ಇಡೀ ಕಚೇರಿಯಲ್ಲಿ ನೆಟ್ಟಗಿರೋ ಮೂಗು ಒಂದೇ." ಅವರು ಪರೀಕ್ಷಕರ ಕೈ ಕುಲುಕಿದರು. "ಯಂತ್ರ ವಾಪಸು ಕಳಿಸಿ."

ಪರೀಕ್ಷಕರು ಕೈ ಕುಲುಕಿಸಿಕೊಳ್ಳುತ್ತಲೇ ಮೇಡಂ ಮುಂದಿದ್ದ ಕೆಂಪು ಬಿಲ್ಲೆಗಳನ್ನು ನೋಡಿದರು. ಆಕೆ ತಪ್ಪುವವರಲ್ಲ. ಆಗ ಅವರಿಗೆ ಪಾಠ ಪೂರ್ತಿಯಾಗಿ ನೆನಪಾಯಿತು. ಗೆದ್ದದ್ದು ಮೂಗಿನಿಂದಲ್ಲ, ಮೂಗು ಸತ್ತಿದ್ದರಿಂದ ಎಂದು ಗೊತ್ತಾಗಿ, ಮುಖದ ಮೇಲೆ ಬರುತ್ತಿದ್ದ ನಗು ಅರ್ಧದಲ್ಲೇ ನಿಂತಿತು. ಹೇಳಿಬಿಡಬೇಕು ಎಂದುಕೊಂಡರು. ನಾಳೆ ಹೇಳಿದರಾಯಿತು ಎಂದೂ ಅಂದುಕೊಂಡರು.

"ಒಂದು ನಿಮಿಷ ಸಾರ್," ಎಂದ ಕಂಪನಿಯವನು. ಅವನ ದನಿ ಅಳುವಂತಿತ್ತು. "ಇದು ಸುಮ್ಮಸುಮ್ಮನೆ ಕೂಗೋದಲ್ಲ. ಎಲ್ಲಿಂದ ಬರ್ತಿದೆ ಅಂತ ತೋರಿಸ್ತೀನಿ."

ಅವನು ನಳಿಕೆ ಎತ್ತಿಕೊಂಡು ಹೊರಟ. ಮೇಜಿನ ಹತ್ತಿರ ಅದು ಸಣ್ಣಗೆ ಗೊಣಗಿತು. ಎಂಜಿನಿಯರ ಹತ್ತಿರ ಸುಮ್ಮನಾಯಿತು. ಪರೀಕ್ಷಕರ ಕಡೆ ತಿರುಗಿದಾಗ ಕೂಗತೊಡಗಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು, ಅದು ಹಿಂಬಾಲಿಸಿತು. ಗೋಡೆಗೆ ಬೆನ್ನು ಕೊಟ್ಟು ನಿಂತರು. ನಳಿಕೆ ಪಕ್ಕದಿಂದ ನುಸುಳಿತು. ಆಮೇಲೆ ಯಂತ್ರ ಹೊಡೆದುಕೊಂಡ ರೀತಿಗೆ ಪಕ್ಕದ ಕೋಣೆಯ ಗುಮಾಸ್ತರು ಬೆಂಕಿ ಬಿದ್ದಿದೆಯೆಂದು ಹೊರಗೆ ಓಡಿದರು. ಅದರ ಪುಟ್ಟ ಪರದೆಯ ಮೇಲೆ ನಾಲ್ಕು ಗೆರೆಗಳು ನೆಟ್ಟಗೆ ಎದ್ದುನಿಂತವು.

"ನೀಲಗಿರಿ, ಪುದೀನ, ಲವಂಗ, ಲ್ಯಾವೆಂಡರ್," ಎಂದು ಓದಿದ ಅವನು. "ಎಲ್ಲಾ ಒಬ್ಬರ ಮೇಲೇ ಸಾರ್."

"ನನಗೆ ಬಾಗಿಲು ಹಾಕಿದಾಗಲೇ ಗೊತ್ತಾಗಿತ್ತು," ಎಂದರು ಮೇಡಂ. "ಮಾತಾಡಬಾರದು ಅಂದ್ರಲ್ಲ."

"ಸೊಂಟ ಹಿಡಿದಿತ್ತು ಸಾರ್," ಎಂದರು ಪರೀಕ್ಷಕರು. "ನಾನು ಬೇಡ ಅಂದೆ. ಬೋರಲಾಗಿ ಮಲಗಿದ್ದೆ."

ಎಂಜಿನಿಯರು ಐದೂ ಬಿಳಿ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿಕೊಂಡರು. ಆಮೇಲೆ ಬೇಸರದಿಂದಲೇ ಹೇಳಿದರು: "ಪರೀಕ್ಷೆಯ ದಿನ ಎಣ್ಣೆ ಹಚ್ಚಿಕೊಂಡು ಬರೋ ಪರೀಕ್ಷಕರನ್ನ ನಾನು ಹೇಗೆ ಇಟ್ಕೊಳ್ಳಲಿ? ಯಂತ್ರ ಇರಲಿ. ನೀವು ಮೀಟರ್ ವಿಭಾಗಕ್ಕೆ ಹೋಗಿ."

"ಸಾರ್, ಬಗ್ಗೋದಕ್ಕೆ ಆಗಲ್ಲ ಸಾರ್."

ಆ ಮಾತನ್ನು ಅವರು ಹೇಳಿದ ರೀತಿಗೆ ಕಂಪನಿಯವನೂ ತಲೆ ತಗ್ಗಿಸಿದ. ಆಮೇಲೆ ಅವನೇ ಬಾಯಿಬಿಟ್ಟ. "ಇವರನ್ನ ಇಲ್ಲೇ ಇಟ್ಕೊಳ್ಳಿ ಸಾರ್. ಯಂತ್ರಕ್ಕೆ ಇವರು ಬೇಕಾಗ್ತಾರೆ."

ಪರೀಕ್ಷಕರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಎಷ್ಟಾದರೂ ಮೂಗಿನ ಬೆಲೆ ಇನ್ನೊಂದು ಮೂಗಿನವರಿಗೇ ಗೊತ್ತು ಎಂದುಕೊಂಡರು. "ಅದಕ್ಕೆ ತಿಳೀದೇ ಇದ್ದದ್ದನ್ನ ನಾನು ಮೂಸಿ ಹೇಳ್ತೀನಿ," ಎಂದರು ಉತ್ಸಾಹದಿಂದ.

"ಮೂಸೋದಕ್ಕಲ್ಲ ಸಾರ್. ದಿನಾ ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ, ಯಂತ್ರ ನೆಟ್ಟಗಿದೆಯಾ ಅಂತ ನೋಡೋಕೆ ಗೊತ್ತಿರೋ ವಾಸನೆ ಒಂದನ್ನ ಅದಕ್ಕೆ ತೋರಿಸಬೇಕು. ನಮ್ಮ ಕಂಪನಿ ಸೀಸೆ ಬರೋದು ಬಹಳ ತಡ. ಇವರಲ್ಲಿ ನಾಲ್ಕೂ ಇದೆ. ತೊಳೆದ್ರೂ ಹೋಗಲ್ಲ, ಅದಕ್ಕಿಂತ ಇನ್ನೇನು ಬೇಕು?"

ಎಂಜಿನಿಯರು ಪರೀಕ್ಷಕರನ್ನು ಮೇಲಿಂದ ಕೆಳಗೆ ನೋಡಿದರು. ಮೇಡಂ ಕಿಟಕಿ ತೆರೆಯುವ ನೆಪದಲ್ಲಿ ಆ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು.

"ಆಗಬಹುದು," ಎಂದರು ಎಂಜಿನಿಯರು ಗಂಭೀರವಾಗಿ. "ಹುದ್ದೆ ಅದೇ, ಕೋಣೆ ಅದೇ. ದಿನಾ ಅದೇ ನಾಲ್ಕು ಎಣ್ಣೆ, ಅದೇ ಅಳತೆ. ಹೆಚ್ಚುಕಮ್ಮಿ ಆಗಬಾರದು."

ಕಂಪನಿಯವನು ಒಂದು ಸ್ಟೂಲು ತಂದು ಯಂತ್ರದ ಮುಂದೆ ಇಟ್ಟ. ಪರೀಕ್ಷಕರು ಅದರ ಮೇಲೆ ಕೂತರು. ನಳಿಕೆ ಅವರ ಕೋಟಿನ ಹಿಂದೆ ಒಂದೆರಡು ಸಲ ಉಸಿರೆಳೆದು, ಅನುಮಾನಪಟ್ಟಂತೆ ನಿಂತಿತು.

"ಸ್ಟೂಲಿನ ಎತ್ತರ ಸಾಲ್ತಿಲ್ಲ ಸಾರ್, ಸೊಂಟದ ಹತ್ರ ಸಿಗ್ತಿಲ್ಲ," ಎಂದ ಅವನು ವಿನಯದಿಂದ. "ಸ್ವಲ್ಪ ಬಗ್ಗಿ."