ಸಿಡಿಲು ಹೊಕ್ಕ ಕಾರು

ಸಿಡಿಲು ಬಡಿದ ಮೇಲೆ ನಮ್ಮ ಸೋದರಮಾವನ ಬುದ್ಧಿ ಸ್ತಿಮಿತ ತಪ್ಪಿತು ಎಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದರು. ಇದು ಶುದ್ಧ ಸುಳ್ಳು. ಸಿಡಿಲು ಬಡಿದದ್ದು ಅವನ ಕಾರಿಗೆ. ಅವನ ಬುದ್ಧಿ ಅದಕ್ಕೆ ಎಷ್ಟೋ ಮೊದಲಿನಿಂದಲೇ ಹಾಗಿತ್ತು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಪಂಜರ ಇಳಿಸುವ ಇಂಜಿನ್ನಿನ ಡ್ರೈವರು. ಜನರನ್ನು ತುಂಬಿಕೊಂಡ ಕಬ್ಬಿಣದ ಪಂಜರವನ್ನು ಹಗ್ಗದಲ್ಲಿ ಪಾತಾಳಕ್ಕೆ ಇಳಿಸುವುದು, ಮತ್ತೆ ಮೇಲಕ್ಕೆ ಎಳೆದುಕೊಳ್ಳುವುದು ಅವನ ಕೆಲಸ. ಕೆಳಗಿರುವವರು ಅವನಿಗೆ ಕಾಣಿಸುವುದಿಲ್ಲ, ಅವರ ಮಾತೂ ಕೇಳಿಸುವುದಿಲ್ಲ. ಗಂಟೆಯ ಸದ್ದೇ ಎಲ್ಲ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಇಳಿಸು. ವರ್ಷಗಟ್ಟಲೆ ಇದನ್ನೇ ಮಾಡಿದ ಮನುಷ್ಯನಿಗೆ ಮಾತಿನ ಮೇಲೆ ನಂಬಿಕೆ ಎಲ್ಲಿ ಉಳಿಯುತ್ತದೆ? ಊಟಕ್ಕೆ ಕೂತಾಗ ಲೋಟದಿಂದ ತಟ್ಟೆಯ ಅಂಚಿಗೆ ಒಂದು ಸಲ ತಟ್ಟಿದರೆ ಸಾಕು ಎಂದರ್ಥ. ಎರಡು ಸಲ ತಟ್ಟಿದರೆ ಇನ್ನೊಂದು ಮುದ್ದೆ ಇಳಿಸು ಎಂದರ್ಥ.

"ಬಾಯಿ ಬಿದ್ದೋಗೈತಾ ಈವಯ್ಯಂಗೆ?" ಎನ್ನುತ್ತಲೇ ಅತ್ತೆ ಮುದ್ದೆ ಇಳಿಸುತ್ತಿದ್ದಳು.

ನಾನು ಆಗಷ್ಟೇ ಅಲ್ಲಿನ ಒಂದು ಶಾಲೆಗೆ ಮೇಡಂ ಆಗಿ ಬಂದಿದ್ದೆ. ಇದ್ದದ್ದು ಮಾವನ ಮನೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಮಾವ, ಅತ್ತೆ, ನಾನು, ಮತ್ತು ಕಾರು.

ಗಣಿಯ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಸೀಮೆಗೆ ಹಡಗು ಹತ್ತುತ್ತಿದ್ದ ಕಾಲ ಅದು. ಹಾಗೆ ಹೋದ ದೊರೆಯೊಬ್ಬನ ಬಂಗಲೆಯ ಹಿಂದೆ ಒಂದು ಕಪ್ಪು ಕಾರು ಬಿದ್ದಿತ್ತು. ಅದರ ಹಿಂದಿನ ಸೀಟಿನಲ್ಲಿ ಬಟ್ಲರನ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮಾವ ಬಟ್ಲರನನ್ನು ಒಪ್ಪಿಸಿ, ಕೋಳಿಗಳನ್ನು ಓಡಿಸಿ, ಕಾರನ್ನು ಮನೆಗೆ ತಳ್ಳಿಸಿಕೊಂಡು ಬಂದ. ಒಂದು ಕೋಳಿ ಮಾತ್ರ ಜಾಗ ಬಿಡದೆ ಕಾರಿನ ಜೊತೆಗೇ ಬಂತು. ಅತ್ತೆ ಅದನ್ನು ಸಾರು ಮಾಡಿದಳು. ಆ ಕಾರಿನಿಂದ ನಮ್ಮ ಮನೆಗಾದ ಮೊದಲ ಉಪಯೋಗ ಅದು.

ಎರಡನೆಯ ಉಪಯೋಗ ಭಾನುವಾರದ್ದು. ಅತ್ತೆಯ ತವರು ಕಾಮಸಮುದ್ರದ ಆಚೆಯ ಹಳ್ಳಿ. ಅಲ್ಲಿ ಮಗನ ಮನೆಯಲ್ಲಿದ್ದ ಅವಳ ಅಮ್ಮನಿಗೆ ಕಣ್ಣು ಮಂಜಾಗಿತ್ತು. ಆದರೂ ದೂರದಿಂದ ಕಾರಿನ ಸದ್ದು ಕೇಳಿದ ಕೂಡಲೇ ಒಲೆಯ ಮೇಲೆ ಎಸರಿಡುತ್ತಿದ್ದಳಂತೆ. ಮಾವನಿಗೆ ರಜೆ ಸಿಕ್ಕ ಪ್ರತಿ ಭಾನುವಾರವೂ ಇಬ್ಬರೂ ಅಲ್ಲಿಗೆ ಹೋಗಿ ಬರುತ್ತಿದ್ದರು. ಅತ್ತೆ ಮುಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತು, ಬಸ್ಸಿಗೆ ಕಾಯುತ್ತಿದ್ದವರ ಕಡೆ ನೋಡಿಯೂ ನೋಡದ ಹಾಗೆ ನೋಡುತ್ತಿದ್ದಳು.

ಸಿಡಿಲಿನ ಭಾನುವಾರ ನಾನು ಜೊತೆಗಿರಲಿಲ್ಲ. ಹಾಗಾಗಿ ಇಬ್ಬರ ಹೇಳಿಕೆಯನ್ನೂ ಇದ್ದ ಹಾಗೆಯೇ ಒಪ್ಪಿಸುತ್ತೇನೆ. ದಾರಿಯಲ್ಲಿ ಮಳೆ ಹಿಡಿಯಿತು. ಮಾವ ಕಾರನ್ನು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದ. ಕಾರಿನೊಳಗೆ ಬೀಡಿ ಸೇದಲು ಅತ್ತೆ ಬಿಡುವುದಿಲ್ಲವಾದ್ದರಿಂದ ಇಳಿದು ರಸ್ತೆಯಾಚೆಯ ಕಲ್ಲುಮಂಟಪಕ್ಕೆ ಓಡಿದ. ಅವನು ಬೀಡಿ ಹಚ್ಚುವುದಕ್ಕೂ ಸಿಡಿಲು ಹುಣಸೆಮರವನ್ನು ಸೀಳುವುದಕ್ಕೂ ಸರಿಹೋಯಿತು. ಬೆಂಕಿ ಕೊಂಬೆಯಿಂದ ಕಾರಿನ ನೆತ್ತಿಗೆ ಹಾರಿತು. ಕಾರು ತಾನಾಗಿಯೇ ಹಾರನ್ ಹೊಡೆಯಲು ಶುರುಮಾಡಿತು.

ಇಲ್ಲಿಯವರೆಗೆ ಗಂಡಹೆಂಡತಿಯ ನಡುವೆ ಭಿನ್ನಾಭಿಪ್ರಾಯವಿಲ್ಲ. ಮುಂದೆ ಇದೆ. ಮಾವನ ಪ್ರಕಾರ ಅವನು ಹೆಂಡತಿಯ ಹೆಸರು ಹಿಡಿದು ಕೂಗುತ್ತ ಓಡಿಬಂದ. ಅತ್ತೆಯ ಪ್ರಕಾರ ಅವನು ಬಾಗಿಲು ತೆಗೆದವನೇ ಕೇಳಿದ ಮೊದಲ ಮಾತು, "ಆರನ್ ಯಾಕೆ ಒತ್ತಿದ್ದೀಯಾ?"

ಅತ್ತೆಗೆ ಒಂದು ಕೂದಲೂ ಕೊಂಕಿರಲಿಲ್ಲ. ಆದರೆ ಕಾರಿನಿಂದ ಇಳಿದವಳು ಮತ್ತೆ ಹತ್ತಲಿಲ್ಲ. ಬ್ಯಾಟರಿ ಒಡೆದು ಕಾರು ಅಲುಗಾಡದಾದಾಗ ಪಕ್ಕದ ಹಳ್ಳಿಯವರು ಒಂದು ಜೊತೆ ಎತ್ತು ಕಟ್ಟಿ ಎಳೆದುಕೊಂಡು ಹೊರಟರು. ಎತ್ತು ಎಳೆಯುವ ಕಾರಿನಲ್ಲೂ ಅತ್ತೆ ಕೂರಲಿಲ್ಲ, ಬಸ್ಸಿಗೆ ಕಾದು ಹತ್ತಿದಳು. ಮುಂದೆ ಎತ್ತು, ಹಿಂದೆ ಕಾರು, ಒಳಗೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತ ಮಾವ. ಬಸ್ಸು ಹಿಂದಿನಿಂದ ಬಂದಾಗ ಮಾವ ಕಿಟಕಿಯಿಂದ ಕೈ ಹೊರಹಾಕಿ ದಾಟಿಹೋಗಲು ಸನ್ನೆ ಮಾಡಿದನಂತೆ. ಅತ್ತೆ ಬಸ್ಸಿನ ಕಿಟಕಿಯಲ್ಲಿ ಕೂತು, ಈ ಮನುಷ್ಯನಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ದಾಟಿಹೋದಳು.

ಬಂಗಾರಪೇಟೆಯ ಮೆಕ್ಯಾನಿಕ್ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಅವನು ತಮಿಳಿನವನು. "ಇದಕ್ಕೆ ವೈದ್ಯ ಬೇಡ ಅಣ್ಣಾ, ಬೆಂಕಿಪೊಟ್ಟಣ ಇದ್ದರೆ ಕೊಡಿ" ಎಂದ. ಮಾವ ಅವನಿಗೆ ಕಾಫಿ ಕುಡಿಸಿ ಕಳಿಸಿದ. ಆಮೇಲೆ ಹೊಸ ಬ್ಯಾಟರಿ ತಂದು ತಾನೇ ಕೂರಿಸಿದ. ರೋಗ ಎಷ್ಟು ಒಳಗಿದೆ ಎಂಬುದು ಗೊತ್ತಾದದ್ದು ಆಗ.

ಬ್ರೇಕು ಒತ್ತಿದರೆ ಹಾರನ್ ಹೊಡೆಯುತ್ತಿತ್ತು. ಹಾರನ್ ಒತ್ತಿದರೆ ದೀಪ ಆರುತ್ತಿತ್ತು. ಆ ಕಾಲದ ಕಾರುಗಳಲ್ಲಿ ಎಡಕ್ಕೋ ಬಲಕ್ಕೋ ತಿರುಗುವಾಗ ಬಾಗಿಲ ಪಕ್ಕದಿಂದ ಪುಟ್ಟದೊಂದು ಕೆಂಪು ಕೈ ಹೊರಗೆ ಬರುತ್ತಿತ್ತು. ನಮ್ಮ ಕಾರಿನಲ್ಲಿ ದೀಪ ಹಾಕಿದರೆ ಎರಡು ಕೈಗಳೂ ಒಟ್ಟಿಗೆ ಮೇಲೆದ್ದು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ನಿಲ್ಲುತ್ತಿದ್ದವು. ಇಂಜಿನ್ ಸ್ವಿಚ್ಚಿಗೆ ಮಾತ್ರ ಯಾವುದೂ ಉತ್ತರ ಕೊಡುತ್ತಿರಲಿಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರೇ ಇಂಜಿನ್ನಿಗೆ ಜೀವ.

"ಸಿಡ್ಲು ಇನ್ನೂ ಒಳಗೇ ಐತೆ" ಎಂದು ಮಾವ ತೀರ್ಪು ಕೊಟ್ಟ. "ಬಂದಿದ್ದಾಯ್ತು, ಈಗ ಓಗಾಕೆ ದಾರಿ ಸಿಕ್ತಿಲ್ಲ ಅದಕ್ಕೆ."

ದಾರಿ ತೋರಿಸಲು ಅವನು ಗಣಿಯ ಗುಜರಿಯಿಂದ ಒಂದು ಕಬ್ಬಿಣದ ಸರಪಳಿ ತಂದು ಕಾರಿನ ಹಿಂದೆ ಕಟ್ಟಿದ. ಅದು ನೆಲಕ್ಕೆ ಉಜ್ಜುತ್ತ ಬಂದರೆ ಸಿಡಿಲು ಅದರ ಮೂಲಕ ಭೂಮಿಗೆ ಇಳಿಯುತ್ತದಂತೆ. ಅದೇ ವಾರ ನಮ್ಮ ಶಾಲೆಗೆ ಮೈಸೂರು ಕಡೆಯಿಂದ ಹೊಸ ಹೆಡ್‌ಮೇಡಂ ಬರುವವರಿದ್ದರು. ಬಂಗಾರಪೇಟೆಯಲ್ಲಿ ಇಳಿದು ಗಣಿಯ ರೈಲು ಹಿಡಿದಿದ್ದರೆ ಅವರು ಸುಖವಾಗಿ ಬಂದು ಸೇರುತ್ತಿದ್ದರು. ಆದರೆ ಮಾವ ಬಿಡಬೇಕಲ್ಲ. "ನಿಮ್ಮ ಮೇಡಂನ ನಮ್ಮ ಗಾಡೀಲೇ ಕರ್ಕೊಂಡು ಬರಾನ ಬಾರಮ್ಮಣ್ಣಿ, ಮರ್ವಾದಿ" ಎಂದು ನನ್ನನ್ನೂ ಕೂರಿಸಿಕೊಂಡು ಹೊರಟೇಬಿಟ್ಟ.

ಹೆಡ್‌ಮೇಡಂ ತುಂಬ ಶಿಸ್ತಿನ ಹೆಂಗಸು. ಛತ್ರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹಿಂದೆ ಕೂತರು. ಬಂಗಾರಪೇಟೆಯ ಪೇಟೆಬೀದಿಯಲ್ಲಿ ಹಿಂದೆ ಸರಪಳಿ ಝಣಝಣ ಎನ್ನುತ್ತಿತ್ತು. ಅದರ ಹಿಂದೆ ಊರ ನಾಯಿಗಳೆಲ್ಲ ಬೊಗಳುತ್ತ ಬರುತ್ತಿದ್ದವು. ನಾಯಿ ಅಡ್ಡ ಬಂತೆಂದು ಮಾವ ಬ್ರೇಕು ಒತ್ತಿದರೆ ಹಾರನ್. ಹಾರನ್ನಿಗೆ ಬೆದರಿ ಇನ್ನೊಂದಿಷ್ಟು ನಾಯಿ. ಅಂಗಡಿಯವರು ಎದ್ದು ಬಂದು ನೋಡುತ್ತಿದ್ದರು.

"ಏನಿದು ವಾಹನ? ಯಾಕೆ ಹೀಗೆ ಮಾಡುತ್ತಿದೆ?" ಎಂದು ಹೆಡ್‌ಮೇಡಂ ಕೇಳಿದರು.

"ಏನಿಲ್ಲ ತಾಯಿ. ಒಳಗೆ ಸಿಡ್ಲು ಕೂತೈತೆ. ಇವತ್ತೋ ನಾಳೆನೋ ಇಳಿದು ಓಗ್ತದೆ."

ಮೊದಲು ಇಳಿದು ಹೋದದ್ದು ಹೆಡ್‌ಮೇಡಂ. ಮುಂದೆ ಸಿಕ್ಕ ಮೊದಲ ಬಸ್ಸನ್ನು ಛತ್ರಿ ಅಡ್ಡ ಹಿಡಿದು ನಿಲ್ಲಿಸಿದರು. ಮುಂದೆ ಎಷ್ಟೋ ವರ್ಷ ಅವರು ನನ್ನನ್ನು ಬೇರೆಯವರಿಗೆ ಪರಿಚಯಿಸುವಾಗ, "ಇವರೇ, ಆ ಸರಪಳಿ ಮನೆಯವರು" ಎನ್ನುತ್ತಿದ್ದರು.

ಸರಪಳಿಯ ಮದ್ದು ಫಲಿಸಲಿಲ್ಲ. ಮಾವ ಈಗ ತಂತಿಗಳಿಗೆ ಕೈಹಾಕಿದ. ಸ್ಟೇರಿಂಗಿನ ಮುಂದಿನ ಹಲಗೆ ಬಿಚ್ಚಿದಾಗ ಒಳಗೆ ತಂತಿಗಳ ಮೇಲಿನ ರಬ್ಬರು ಕರಗಿ, ಒಂದಕ್ಕೊಂದು ಅಂಟಿ, ಹಳಸಿದ ಶಾವಿಗೆಯ ಮುದ್ದೆಯಂತೆ ಕಾಣುತ್ತಿತ್ತು. ಬ್ರೇಕಿಗೂ ಹಾರನ್ನಿಗೂ ನಂಟು ಬೆಳೆದದ್ದು ಅಲ್ಲೇ. ಅವನ್ನೆಲ್ಲ ಕಿತ್ತು ಹೊಸ ತಂತಿ ಎಳೆದ. ಯಾವುದು ಯಾವುದೆಂದು ತಿಳಿಯಲು ಒಂದೊಂದಕ್ಕೂ ಒಂದೊಂದು ಬಣ್ಣದ ಗುರುತು ಕಟ್ಟಿದ. ಅವು ನನ್ನ ಜಡೆಯ ರಿಬ್ಬನ್ನುಗಳು. ನಾನು ಹರಿದ ಪಂಚೆಯ ಅಂಚು ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕಾರು ಮಾತ್ರ ಒಳಗೊಳಗೇ ಮದುಮಗಳ ಹಾಗೆ ಸಿಂಗಾರವಾಗಿತ್ತು.

ಈಗ ಕೆಂಪು ಕೈಗಳು ಹೇಳಿದ ಮಾತು ಕೇಳತೊಡಗಿದವು. ಆದರೂ ಎಲ್ಲದಕ್ಕೂ ಶಕ್ತಿ ಸಾಲದು. ಹಾರನ್ ಒತ್ತಿದರೆ ಕೆಮ್ಮುತ್ತಿತ್ತು, ದೀಪ ಮಂಕಾಗುತ್ತಿತ್ತು. ಇಂಜಿನ್ ಸ್ವಿಚ್ಚಿಗೆ ಟಕ್ ಎಂಬ ಒಂದೇ ಉತ್ತರ.

ಪರೀಕ್ಷೆಗೆ ಮಾವ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಕಾರಿನ ಕೆಳಗೆ ಮಲಗಿದ. ಕೈಯಲ್ಲಿ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ತಂತಿ. ಮಾತಂತೂ ಆಡುವವನಲ್ಲ. ಸ್ಪ್ಯಾನರಿನಿಂದ ಒಂದು ಸಲ ಬಡಿದರೆ ಎಲ್ಲ ನಿಲ್ಲಿಸಬೇಕು, ಎರಡು ಸಲ ಬಡಿದರೆ ದೀಪ ಹಾಕಬೇಕು, ಮೂರು ಸಲವಾದರೆ ಹಾರನ್. ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ಕಿವಿಗೊಟ್ಟು ಕೂತೆ. ಬಡಿತಗಳು ಬರತೊಡಗಿದವು. ದೀಪ, ಹಾರನ್, ನಿಲ್ಲಿಸು, ಹಾರನ್, ಹಾರನ್, ದೀಪ. ನನಗೆ ಬೆವರಿಳಿಯಿತು. ಕೊನೆಗೆ ಮಾವ ಗ್ರೀಸು ಮೆತ್ತಿದ ಮುಖ ಹೊರಹಾಕಿ, "ಯಾಕಮ್ಮಣ್ಣಿ, ನಾನಿನ್ನೂ ಶುರುನೇ ಮಾಡಿಲ್ಲ" ಎಂದ. ಪಕ್ಕದ ಮನೆಯಾಕೆ ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

ಆಕೆ ಕುಟ್ಟಿ ಮುಗಿಸಿದ ಮೇಲೆ ನಮ್ಮ ಪರೀಕ್ಷೆ ನಡೆಯಿತು. ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಕಾರಿನ ಮೈಗೆ ಹಿಡಿದರೆ ಬಲ್ಬು ಮಿಣಕ್ ಮಿಣಕ್. ಎರಡನ್ನೂ ಬ್ಯಾಟರಿಗೇ ಹಿಡಿದರೆ ಝಗ್ ಎಂದು ಬೆಳಕು. ಮಾವ ಬಹಳ ಹೊತ್ತು ಅಲುಗಾಡದೆ ಮಲಗಿದ್ದ. ನಿದ್ದೆ ಹೋದನೇನೋ ಎಂದುಕೊಂಡೆ. ಆಮೇಲೆ ಅವನು ಬ್ಯಾಟರಿಯಿಂದ ಕಾರಿನ ಮೈಗೆ ಬಿಗಿದಿದ್ದ ದಪ್ಪ ಹೆಣಿಗೆಯ ತಾಮ್ರದ ಪಟ್ಟಿಯನ್ನು ಬಿಚ್ಚಿದ. ಮೇಲ್ನೋಟಕ್ಕೆ ಗಟ್ಟಿಯಾಗಿತ್ತು. ಬಗ್ಗಿಸಿದ ಕೂಡಲೇ ಒಳಗಿನಿಂದ ಕಪ್ಪು ಪುಡಿ ಉದುರಿತು. ಒಂದೆರಡು ಎಳೆ ಮಾತ್ರ ಉಳಿದು, ಇಡೀ ಕಾರಿನ ಕರೆಂಟು ಅವುಗಳ ಮೇಲೆಯೇ ನಡೆದಾಡಬೇಕಿತ್ತು.

"ನಾನು ಅಂದಿರ್ಲಿಲ್ವಾ?" ಎಂದ ಮಾವ. "ಓಗಾಕೆ ದಾರಿ ಇಲ್ಲ ಅಂತ."

ಹೊಸ ಪಟ್ಟಿ ಬಿಗಿದ ಮೇಲೆ ಸ್ವಿಚ್ಚು ಒತ್ತಿದರೆ ಇಂಜಿನ್ ಗುರ್ ಎಂದು ಎದ್ದಿತು. ಹಾರನ್ ಸದ್ದಿಗೆ ಪಕ್ಕದ ಮನೆಯಾಕೆ ಎತ್ತಿಡುತ್ತಿದ್ದ ಒನಕೆ ಕೈಜಾರಿತು. ಮಾವ ಮುಖ ತೊಳೆದು, ಬೇರೆ ಷರಟು ಹಾಕಿಕೊಂಡು, ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಮುಂದಿನ ಬಾಗಿಲನ್ನು ತೆರೆದು ಹಿಡಿದ.

"ಬಾ, ನಿಮ್ಮಮ್ಮನ್ನ ನೋಡ್ಕೊಂಡು ಬರಾನ" ಎಂದ.

ಅತ್ತೆ ಹೊಸ್ತಿಲಿನ ಒಳಗೇ ನಿಂತಿದ್ದಳು. "ನಾನು ಕೂತ್ಕೊಳಲ್ಲ" ಎಂದಳು.

ಸಿಡಿಲಿನ ಭಾನುವಾರದಿಂದ ಅವಳು ತವರಿಗೆ ಹೋಗಿರಲಿಲ್ಲ. ಅಂದು ಬಸ್ಸಿನಲ್ಲಿ ಬಿಗಿದುಕೊಂಡು ಬಂದವಳು, ಮನೆಯ ಬಾಗಿಲು ದಾಟಿದ ಮೇಲೆ ಕುಸಿದು ಕೂತಿದ್ದಳು. ಆಮೇಲೆ ಮೋಡ ಕವಿದರೆ ಸಾಕು, ಕಿವಿಗೆ ಹತ್ತಿ ತುರುಕಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಬಸ್ಸನ್ನೂ ಹತ್ತಲೊಲ್ಲಳು. ದಾರಿಯಲ್ಲಿ ಗುಡುಗಿದರೆ ಎಂಬ ಭಯ. ಅವಳ ಅಮ್ಮ ಭಾನುವಾರ ಬಂತೆಂದರೆ ಯಾವ ಲಾರಿಯ ಸದ್ದು ಕೇಳಿದರೂ ಎಸರಿಡುತ್ತಾಳೆ ಎಂದು ತವರಿನಿಂದ ಸುದ್ದಿ ಬಂದಿತ್ತು. ಅದನ್ನು ಕೇಳಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಮಾವ ಎದ್ದು ಹೋಗಿ ಕಾರಿನ ಕೆಳಗೆ ತೂರಿದ್ದ. ಹೆಂಡತಿ ಅಳುತ್ತಿದ್ದರೆ ಕಾರು ರಿಪೇರಿ ಮಾಡುವ ಗಂಡಸು ಎಂಥವನು ಎಂದು ನನಗೆ ಆಗ ಸಿಟ್ಟು ಬಂದಿತ್ತು.

ಈಗ ಅವನು ಕಾರಿನ ಬಾಗಿಲು ಹಿಡಿದುಕೊಂಡೇ, ಒಂದು ತಿಂಗಳಿಗಾಗುವಷ್ಟು ಮಾತನ್ನು ಒಟ್ಟಿಗೆ ಆಡಿದ. "ನೋಡು, ಸಿಡ್ಲು ಗಾಡಿ ತಗಡಿನ ಮೇಲ್ಮೇಲೆ ಇಳಿದು ನೆಲಕ್ಕೋಗ್ತದೆ. ಒಳಗೆ ಕೂತೋರಿಗೆ ಏನೂ ಆಗಲ್ಲ. ನೀನು ಮಂಟಪದಾಗೆ ನನ್ ಜೊತೆ ನಿಂತಿದ್ರೂ ಅಷ್ಟು ಬಂದೋಬಸ್ತಾಗಿ ಇರ್ತಿರ್ಲಿಲ್ಲ. ಈ ಗಾಡಿನೇ ನಿನ್ನ ಉಳಿಸಿದ್ದು."

"ಉಳಿಸಿದ್ದು ದೇವರು" ಎಂದಳು ಅತ್ತೆ. "ಮರದ ಕೆಳಗೆ ನಿಲ್ಸಿದ್ದು ನೀನು."

ಮಾವ ಬಾಗಿಲು ಮುಚ್ಚಿ ಕಾರನ್ನು ಮತ್ತೆ ಜಾಗಕ್ಕೆ ನಿಲ್ಲಿಸಿದ. ಅಂದು ಅವನು ಸರಿಯಾಗಿ ಉಣ್ಣಲೂ ಇಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಕ್ಯಾಸಂಬಳ್ಳಿಯ ಕಡೆಯಿಂದ ಕರಿಮೋಡ ಎದ್ದಿತು. ಅತ್ತೆ ಮಂಚದ ಕೆಳಗೆ ಸೇರಿದಳು. ನಾನು ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತೆ. ಮಾವ ಕಾರನ್ನು ನಮ್ಮ ಸಾಲುಮನೆಗಳ ಮುಂದಿನ ಬಯಲಿಗೆ ಒಯ್ದು ನಿಲ್ಲಿಸುತ್ತಿದ್ದ. ಅಲ್ಲಿ ಮರವಿಲ್ಲ, ಕಂಬವಿಲ್ಲ. ಆಚೆಗೆ ಗಣಿಯ ಮಣ್ಣಿನ ಬಿಳಿಗುಡ್ಡ, ಮೇಲೆ ಆಕಾಶ, ನಡುವೆ ಆ ಕಪ್ಪು ಕಾರು. ಗಾಜು ಏರಿಸಿಕೊಂಡು ಅವನು ಒಳಗೇ ಕೂತ. ಮಿಂಚು ಗುಡ್ಡದ ಈಚೆಗೆ ಇಳಿಯತೊಡಗಿತು.

"ಈವಯ್ಯ ಎಲ್ಲಿ?" ಮಂಚದ ಕೆಳಗಿನಿಂದ ಅತ್ತೆ ಕೇಳಿದಳು.

"ಕಾರಲ್ಲಿದ್ದಾನೆ ಅತ್ತೆ."

"ಕಾರೆಲ್ಲಿ?"

"ಬಯಲಲ್ಲಿ."

ಮನೆ ನಡುಗುವಂತೆ ಒಂದು ಗುಡುಗು. ಅದರ ಸದ್ದು ಅಡಗುವ ಮೊದಲೇ ಅತ್ತೆ ಮಂಚದ ಕೆಳಗಿನಿಂದ ಹೊರಗೆ ಬಂದಿದ್ದಳು. ಕಿವಿಯ ಹತ್ತಿ ಹಾಗೇ ಇತ್ತು. ಒಂದು ಗೋಣಿಚೀಲವನ್ನು ತಲೆಗೆ ಹಾಕಿಕೊಂಡು, ಬರಿಗಾಲಲ್ಲಿ, ಸುರಿಯುವ ಮಳೆಯಲ್ಲಿ ನೇರ ನಡೆದುಹೋದಳು. ನಾನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಕಾರಿನ ಬಾಗಿಲು ತೆರೆದು, ಕೂತು, ಮುಚ್ಚಿಕೊಂಡಳು. ಆಮೇಲೆ ನನಗೆ ಕಂಡದ್ದು ನೀರಿಳಿಯುವ ಗಾಜು, ಅದರ ಹಿಂದೆ ಎರಡು ತಲೆ. ಮಳೆ ನಿಲ್ಲುವವರೆಗೆ ಕಾರು ನಿಂತಲ್ಲೇ ಇತ್ತು.

ಇಬ್ಬರೂ ಒಳಗೆ ಬಂದರು. ಮಾವ ಒದ್ದೆ ಷರಟು ಬದಲಿಸಿ ಗಣಿಗೆ ಹೊರಟುಹೋದ. ಅತ್ತೆ ಭಾನುವಾರ ಉಡಲೆಂದು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಳು. ನನಗೆ ನಂಬಲಾಗಲಿಲ್ಲ.

"ಹಾಗಾದರೆ ಭಯ ಹೋಯಿತಾ ಅತ್ತೆ?"

"ನಂಗೆಲ್ಲಿ ಓಯ್ತು? ಅಂಗೇ ಐತೆ."

"ಮತ್ತೆ ಹೊರಟಿದ್ದೀಯಲ್ಲ?"

ಅತ್ತೆ ಸೀರೆಯ ಮಡಿಕೆ ಸರಿಮಾಡುತ್ತ, ಪಕ್ಕದ ಮನೆಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು.

"ಅವನ ಕೈ ಇಡ್ಕೊಂಡು ನೋಡ್ದೆ ಅಮ್ಮಣ್ಣಿ. ನಂಗಿಂತ ಜಾಸ್ತಿ ನಡುಗ್ತಿತ್ತು. ಒಬ್ಬನ್ನೇ ಆ ಗಾಡೀಲಿ ಎಂಗೆ ಕಳಿಸ್ಲಿ?"