ಕೇಣಿಯ ಗಂಟೆ ಮತ್ತು ಅಯ್ಯನವರ ಕೆಂಪು ಟುವಾಲು

ನಗಬಾರದ ಕಡೆ ನಗು ಬರುವುದು ಅಂಕೋಲೆ ಹತ್ತಿರದ ಕೇಣಿಯ ನಮ್ಮ ಸಣ್ಣ ಚರ್ಚಿನಲ್ಲಿ ಹೊಸದೇನಲ್ಲ. ಅಲ್ಲಿ ಇಪ್ಪತ್ತಾರು ವರ್ಷ ಗಂಟೆ ಹೊಡೆದವ ನಾನು. ನನ್ನ ಗಂಟೆ ಕಾರವಾರದಾಚೆಯ ಮಾಜಾಳಿಯ ತನಕ ಕೇಳುತ್ತದೆ. ಗಾಳಿ ಅನುಕೂಲ ಇದ್ದರೆ ಗೋವೆಗೂ. ಶಾಲೆಗೆ ಹೋದವನಲ್ಲ, ಹಾಗಾಗಿ ನಾನು ಹೇಳಿದ್ದನ್ನು ಸೊಸೆ ಬರೆಯುತ್ತಿದ್ದಾಳೆ. ಗೋವೆ ಅಂದಾಗ ಪೆನ್ನು ನಿಲ್ಲಿಸಿದಳು. ಬರಿ ಅಂದೆ.

೧. ಸಮುದ್ರದ ಗಡಿಯಾರ

ಗಂಟೆಯ ಕೆಲಸ ಕೇಳಲು ಹೋದಾಗ ಸಭೆಯ ಹಿರಿಯರೊಬ್ಬರು ನನಗೆ ಗಡಿಯಾರ ನೋಡಲು ಬರುತ್ತದಾ ಅಂತ ಕೇಳಿದರು. ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. "ದೋಣಿಯಲ್ಲಿ ಬೆಳೆದವನಿಗೆ ಗಡಿಯಾರ ಎಂತಕ್ಕೆ? ಸಮುದ್ರ ನೋಡಿದರೆ ನಿಮಿಷ ಸಮೇತ ಹೇಳ್ತೆ" ಅಂದೆ. ಎಲ್ಲರೂ ತಲೆದೂಗಿದರು. ನಮ್ಮ ಪಾಸ್ಟರು ಮಾತ್ರ ತಲೆದೂಗಲಿಲ್ಲ. ಅವರನ್ನು ಊರೆಲ್ಲ ಅಯ್ಯನವರು ಅನ್ನುವುದು.

ಆ ಸಂಜೆ ಅಯ್ಯನವರು ನನ್ನೊಬ್ಬನನ್ನೇ ಕರೆದು, ಗಂಟೆ ಕಟ್ಟೆಯ ಎದುರಿಗಿರುವ ತಮ್ಮ ಮನೆಯ ಕಿಟಕಿ ತೋರಿಸಿದರು. "ಭಾನುವಾರ ಗಂಟೆ ಹೊಡೆಯುವ ಹೊತ್ತಿಗೆ ಅಲ್ಲೊಂದು ಕೆಂಪು ಟುವಾಲು ಹಾಕ್ತೇನೆ. ನೀನು ಸಮುದ್ರ ನೋಡುವಾಗ ಅದೂ ಕಣ್ಣಿಗೆ ಬೀಳಬಹುದು."

ಇಪ್ಪತ್ತಾರು ವರ್ಷ ಬಿತ್ತು. ಹೆಂಡತಿಗೂ ನಾನು ಹೇಳಲಿಲ್ಲ. ಅಂಕೋಲೆಯ ಪೇಟೆಯವರೂ ನನ್ನ ಗಂಟೆ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಅವರಿಗೆಲ್ಲ ಸಮಯ ಹೇಳಿದ್ದು ಒಂದು ಟುವಾಲು.

೨. ಮೀನು ಎಳೆದುಕೊಂಡು ಹೋದದ್ದು

ನನ್ನ ಕತೆಗಳಿಗೆ ಊರವರು ಎದ್ದು ಹೋಗುತ್ತಾರೆ. ಅಯ್ಯನವರು ಕೂರುತ್ತಿದ್ದರು. ಅವರ ಹೆಂಡತಿಯನ್ನು ಚರ್ಚಿನ ಹಿಂದೆ ಮಣ್ಣು ಮಾಡಿದ ವಾರ ಅವರ ಮನೆ ಜಗುಲಿಯಲ್ಲಿ ಕೂತಿದ್ದೆವು. ಅವರ ಮುಖ ನೋಡಲಾಗದೆ ನನ್ನ ಇಸವಾಣ ಮೀನಿನ ಕತೆ ಶುರು ಮಾಡಿದೆ. ಗಾಳಕ್ಕೆ ಬಿದ್ದ ಆ ಮೀನು ನನ್ನನ್ನು ದೋಣಿ ಸಮೇತ ಕಾರವಾರ ದಾಟಿಸಿ ಗೋವೆಯ ದಡಕ್ಕೆ ಎಳೆದುಕೊಂಡು ಹೋದದ್ದು.

"ವಾಪಸ್ ಬಂದದ್ದು ಹೇಗೆ?" ಅಂತ ಕೇಳಿದರು.

"ಅದೇ ಮೀನು ತಂದು ಬಿಟ್ಟಿತು. ಆಮೇಲೆ ಸಾರು ಮಾಡಿದೆವು."

ಅಯ್ಯನವರು ಹೆಂಡತಿಯ ಗೋರಿಯ ಕಡೆ ನೋಡಿದರು. "ಮನೆ ತನಕ ತಂದು ಬಿಟ್ಟವರನ್ನು ತಿನ್ನಬಾರದಿತ್ತು ಮಾರಾಯ" ಅಂದರು.

೩. ಶನಿವಾರದ ಗಂಟೆ

ಅಯ್ಯನವರ ಕಣ್ಣು ಮಂಜಾಯಿತು. ಬೈಬಲ್ ಓದಲು ಆಗದ ಮೇಲೆ ಸಭೆ ನಡೆಸಬಾರದು ಅಂತ ಅವರೇ ನಿರ್ಧಾರ ಮಾಡಿದರು. ಭಾನುವಾರ ಬೀಳ್ಕೊಡುಗೆ, ಅದು ಮುಗಿದೊಡನೆ ಹುಬ್ಬಳ್ಳಿಯ ತಂಗಿ ಮನೆಗೆ. ಹೊಸ ಪಾಸ್ಟರು ಶುಕ್ರವಾರವೇ ಕಾರವಾರದಿಂದ ಬಂದು ಅದೇ ಮನೆಯಲ್ಲಿ ಉಳಿದರು. ಒಳ್ಳೆ ಮನುಷ್ಯ. ಆದರೆ ಬೆಳಗಾಗುವ ಮೊದಲೇ ಸ್ನಾನ ಮಾಡುವ ಜಾತಿ.

ಶನಿವಾರ ಬೆಳಗ್ಗೆ ಅಂಗಳ ಗುಡಿಸಲು ಹೋದರೆ ಕಿಟಕಿಯಲ್ಲಿ ಕೆಂಪು ಟುವಾಲು. ಶನಿವಾರ ಎಂತಕ್ಕೆ ಅಂತ ಒಂದು ಸಲ ಅನಿಸಿತು. ಆದರೆ ಟುವಾಲು ಎಂದೂ ತಪ್ಪಿದ್ದಿಲ್ಲ. ಹೊಡೆದೆ.

ಭಾನುವಾರ ಅಲ್ಲದ ದಿನ ಗಂಟೆ ಕೇಳಿದರೆ ಸಾವು ಅಂತಲೇ ಲೆಕ್ಕ. ಕೇಣಿಯ ಅರ್ಧ ಊರು ಓಡಿ ಬಂತು. ಅಯ್ಯನವರೇ ಹೋದರು ಅಂತ ಹೆಂಗಸರು ಅಳುತ್ತಲೇ ಬಂದರು. ಅಯ್ಯನವರು ಬಾಗಿಲಿಗೆ ಬಂದು ಯಾರು ಹೋದರು ಅಂತ ಅವರನ್ನೇ ಕೇಳಿದರು. ಹೊಸ ಪಾಸ್ಟರು ಯಾಕೆ ಹೊಡೆದಿರಿ ಅಂದರು. ಕಿಟಕಿಗೆ ಒಣಹಾಕಿದ್ದ ಅವರ ಟುವಾಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಸಮುದ್ರದ ಬಣ್ಣ ಬದಲಾಗಿದೆ. ತಾಳೆ ಮರದಷ್ಟು ದೊಡ್ಡ ತೆರೆ ಬರ್ತದೆ" ಅಂದೆ.

ಎಲ್ಲರೂ ತಿರುಗಿ ನೋಡಿದರು. ಸಮುದ್ರ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು. ಇವನಿಗೆ ವಯಸ್ಸಾಯಿತು, ತಾನಾಗಿಯೇ ಹೊಡೆಯುವ ಕರೆಂಟಿನ ಗಂಟೆ ತರುವ ಅಂತ ಹಿರಿಯರೊಬ್ಬರು ಹೇಳಿದರು. ಒಂದೇ ವಾರಕ್ಕೆ ಅಯ್ಯನವರೂ ಹೋಗುವುದು, ಗಂಟೆಯೂ ಹೋಗುವುದು.

ಹಲ್ಲುಜ್ಜುತ್ತಲೇ ಓಡಿ ಬಂದಿದ್ದ ಒಬ್ಬ ಬಾಯಿ ತುಂಬ ನೊರೆ ಇಟ್ಟುಕೊಂಡು ಕೇಳಿದ: "ತೆರೆ ಬರುವ ತನಕ ಕಾಯಬೇಕಾ, ಇಲ್ಲಾ ಬಾಯಿ ತೊಳೆಯಬಹುದಾ?"

೪. ಬೀಳ್ಕೊಡುಗೆ

ಭಾನುವಾರ ಅಯ್ಯನವರಿಗೆ ಶಾಲು ಹೊದಿಸಿ, ಕುತ್ತಿಗೆ ಮುಚ್ಚುವಷ್ಟು ಹಾರ ಹಾಕಿ ಕೂರಿಸಿದರು. ಭಾಷಣ ಮಾಡಿದವರೆಲ್ಲ ಅವರು ಹೀಗಿದ್ದರು, ಹಾಗಿದ್ದರು ಅಂತಲೇ ಹೇಳಿ ಅತ್ತರು. ಮೀನು ಮಾರಲು ಹೊರಟವಳೊಬ್ಬಳು ಅಳು ಕೇಳಿ ಬಾಗಿಲಲ್ಲಿ ಬುಟ್ಟಿ ಇಳಿಸಿ ನಿಂತಳು. ಹಾರ ಕಂಡಿತು. "ಅಯ್ಯೋ, ಯಾವಾಗ ತೀರ್ಕೊಂಡ್ರು?" ಅಂದಳು.

ಹಾರದ ಒಳಗಿಂದ ಅಯ್ಯನವರೇ ಉತ್ತರ ಕೊಟ್ಟರು. "ಇನ್ನೂ ಇಲ್ಲ ತಂಗಿ. ಇನ್ನೆರಡು ಭಾಷಣ ಉಂಟು."

೫. ವಹಿಸಿಕೊಟ್ಟದ್ದು

ಕೊನೆಗೆ ಅಯ್ಯನವರು ಎದ್ದು ಹೊಸ ಪಾಸ್ಟರಿಗೆ ಎಲ್ಲರೆದುರು ಒಂದೊಂದೇ ವಹಿಸಿಕೊಟ್ಟರು. ಬೀಗದ ಕೈ. ಮದುವೆ, ಮರಣ ಬರೆಯುವ ಪುಸ್ತಕ. ಆಮೇಲೆ ಚೀಲದಿಂದ ಕೆಂಪು ಟುವಾಲು ತೆಗೆದರು. ಇಪ್ಪತ್ತಾರು ವರ್ಷದ ಸಮುದ್ರ ಈಗ ಬಯಲಾಗುತ್ತದೆ ಅಂದುಕೊಂಡೆ.

"ಇದು ಚರ್ಚಿನ ಸೊತ್ತು. ಭಾನುವಾರ ಗಂಟೆಯ ಹೊತ್ತಿಗೆ ಕಿಟಕಿಗೆ ಹಾಕಬೇಕು. ಬೇರೆ ಹೊತ್ತಿನಲ್ಲಿ ಆ ಕಿಟಕಿಗೆ ಏನೂ ಹಾಕಬಾರದು. ಯಾಕೆ ಅಂತ ಕೇಳಬೇಡಿ."

ಹೊಸ ಪಾಸ್ಟರು ನನ್ನನ್ನು ನೋಡಿದರು. ನಾನು ಸಮುದ್ರ ನೋಡಿದೆ. ಕರೆಂಟಿನ ಗಂಟೆಯ ಹಿರಿಯರು ನೆಲ ನೋಡಿದರು.

ಆಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ಬಂದಳು. ಕೈಯಲ್ಲಿ ಹೊಸ ಕೆಂಪು ಟುವಾಲು, ಹಾಸಿಗೆಯ ಚಾದರದಷ್ಟು ದೊಡ್ಡದು. "ಅದು ಹಳೆಯದಾಯ್ತು ಅಯ್ಯನವರೇ. ಪ್ರತಿ ಕ್ರಿಸ್ಮಸ್‌ಗೆ ನಾವು ಹೆಂಗಸರು ಒಂದು ಕೊಡ್ತೇವಲ್ಲ, ಈ ವರ್ಷದ್ದು ಇದು. ಇವ್ರಿಗೆ ದೂರದ್ದು ಸರಿ ಕಾಣೋದಿಲ್ಲ, ಅದಕ್ಕೇ ದೊಡ್ಡದು ತಂದೆ."

ಇಡೀ ಸಭೆ ನಕ್ಕಿತು. ಇಪ್ಪತ್ತಾರು ವರ್ಷದಿಂದ ನಗು ತಡೆದುಕೊಂಡಿದ್ದರು, ಪಾಪ.

ಅಯ್ಯನವರ ಗಾಡಿ ಹೊರಟಾಗ ಗಂಟೆ ಹೊಡೆದೆ. ತಿರುವು ದಾಟಿದ ಮೇಲೂ ಹೊಡೆದೆ. ಕಿಟಕಿಯಲ್ಲಿ ಟುವಾಲು ಇರಲಿಲ್ಲ. ಹೆಂಗಸರು ಅದರಲ್ಲಿ ಸರದಿ ಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಅಷ್ಟು ದೊಡ್ಡ ಟುವಾಲಿನಲ್ಲಿ ಒಣಗಿದ ಮೂಲೆ ಒಂದೂ ಉಳಿದಿರಲಿಲ್ಲ.